ಹಾಲುವಾಣಕ್ಕೆ ಗಂಟು, ಹಲಸಿಗೆ ಹಿಟ್ಟು: ಗುಲಗಂಜಿ ಹುಳ ಬಿಟ್ಟರೆ ಸಾಕಾ?

ಪ್ರಶ್ನೆ: ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮದು ಕಾಫಿ ತೋಟ. ಎರಡು ವರ್ಷದಿಂದ ಕಾಫಿಗೆ ನೆರಳು ಕೊಡುವ ಹಾಲುವಾಣ ಮರಗಳ ಚಿಗುರೆಲ್ಲ ಗಂಟು ಗಂಟಾಗಿ ಸುರುಟಿಕೊಳ್ಳುತ್ತಿದೆ, ಕೆಲವು ಮರ ಎಲೆ ಉದುರಿಸಿ ಬೋಳಾಗಿವೆ. ಈ ಬೇಸಿಗೆಯಲ್ಲಿ ಹಲಸು, ಅತ್ತಿ ಮರದ ಮೇಲೂ ಬಿಳಿ ಹಿಟ್ಟಿನಂಥದ್ದು ಕಾಣಿಸಿತು. ಅದರ ಕೆಳಗಿನ ಕಾಫಿ ಎಲೆ ಕಪ್ಪಾಗಿದೆ. ಔಷಧಿ ಹೊಡೆಯುವುದಕ್ಕೆ ಮನಸ್ಸಿಲ್ಲ. ಅಮೆರಿಕದಲ್ಲಿ ಹೆಮ್ಲಾಕ್ ಅನ್ನುವ ಕಾಡುಮರ ಉಳಿಸಲು ಕೀಟ ತಿನ್ನುವ ದುಂಬಿಗಳನ್ನು ಬಿಡುತ್ತಾರೆ ಅಂತ ಮಗಳು ಓದಿ ಹೇಳಿದಳು. ನಾವೂ ಗುಲಗಂಜಿ ಹುಳ ತರಿಸಿ ಬಿಟ್ಟರೆ ಮರಗಳು ಉಳಿಯುತ್ತವಾ?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಹಲಸು, ಅತ್ತಿ ಮೇಲಿರುವುದು ಹಿಟ್ಟು ತಿಗಣೆಯೇ ಆಗಿದ್ದರೆ ಗುಲಗಂಜಿ ಹುಳ ಉಪಯೋಗಕ್ಕೆ ಬರುತ್ತದೆ. ಹಾಲುವಾಣದ ಗಂಟಿಗೆ ಮಾತ್ರ ಎಷ್ಟು ಹುಳ ತಂದು ಬಿಟ್ಟರೂ ಪ್ರಯೋಜನ ಇಲ್ಲ. ಎರಡನ್ನೂ ನಾವು ‘ಮರಕ್ಕೆ ಹುಳ ಬಿದ್ದಿದೆ’ ಅಂತಲೇ ಹೇಳುತ್ತೇವೆ. ಆದರೆ ಒಂದು ಎಲೆಯ ಮೇಲೆ ಬಯಲಲ್ಲೇ ಕೂತು ರಸ ಹೀರುವ ಕೀಟ, ಇನ್ನೊಂದು ಎಲೆಯ ಒಳಗೇ ಮನೆ ಮಾಡಿಕೊಂಡಿರುವ ಕಣಜದ ಮರಿ. ಬಂದಿರುವ ಕೀಟ ಯಾವುದು, ಎಲ್ಲಿಂದ ಬಂತು, ಅದರ ಹುಟ್ಟೂರಲ್ಲಿ ಅದನ್ನು ಹದ್ದುಬಸ್ತಿನಲ್ಲಿ ಇಟ್ಟಿದ್ದು ಯಾರು, ಈ ಮೂರು ಗೊತ್ತಾಗದೆ ಯಾವ ಹುಳವನ್ನೂ ತರಿಸಬಾರದು.

ಮಗಳು ಓದಿದ ವಿಷಯ ಸರಿ ಇದೆ. ಅಮೆರಿಕದ ಪೂರ್ವ ಭಾಗದ ಬೆಟ್ಟಗಳಲ್ಲಿ ಹೆಮ್ಲಾಕ್ ಮರಗಳನ್ನು ಒಣಗಿಸುತ್ತಿರುವುದು ಅಡೆಲ್ಜಿಡ್ ಅನ್ನುವ, ಮೈಮೇಲೆ ಹತ್ತಿಯಂಥ ಮೇಣ ಹೊದ್ದುಕೊಳ್ಳುವ ಒಂದು ಚಿಕ್ಕ ಕೀಟ. ಜಪಾನಿನಿಂದ ಹೋದದ್ದು, ವರ್ಜೀನಿಯಾದಲ್ಲಿ 1951ರಲ್ಲಿ ಮೊದಲು ಕಣ್ಣಿಗೆ ಬಿತ್ತು. ಅದನ್ನು ತಿನ್ನಲಿ ಅಂತ 1995ರಿಂದ ಜಪಾನಿನ ಒಂದು ಪುಟ್ಟ ಗುಲಗಂಜಿ ಹುಳವನ್ನೂ, 2003ರಿಂದ ಅಮೆರಿಕದ ಪಶ್ಚಿಮ ಭಾಗದ ಲ್ಯಾರಿಕೋಬಿಯಸ್ ಅನ್ನುವ ದುಂಬಿಯನ್ನೂ ಬಿಡುತ್ತಾ ಬಂದಿದ್ದಾರೆ. ಲ್ಯಾರಿಕೋಬಿಯಸ್ ಚಳಿಗಾಲದಲ್ಲಿ ಚುರುಕು, ಆಗಿನ ಮೊಟ್ಟೆಗಳನ್ನು ಚೆನ್ನಾಗಿ ತಿನ್ನುತ್ತದೆ. ಆದರೆ ಅಡೆಲ್ಜಿಡ್‌ಗೆ ವರ್ಷಕ್ಕೆ ಎರಡು ಪೀಳಿಗೆ, ಎರಡನೆಯದು ಬೆಳೆಯುವ ಹೊತ್ತಿಗೆ ದುಂಬಿಯ ಮರಿಗಳು ಮಣ್ಣಿಗೆ ಇಳಿದಿರುತ್ತವೆ. ಅದಕ್ಕೇ ಸಿಲ್ವರ್ ಫ್ಲೈ ಅನ್ನುವ ನೊಣಗಳನ್ನೂ ಜೊತೆಗೆ ಸೇರಿಸಿದ್ದಾರೆ. ಮುಖ್ಯವಾದ ಮರಗಳಿಗೆ ಔಷಧಿ ಕೊಡುವುದನ್ನೂ ನಿಲ್ಲಿಸಿಲ್ಲ. ಅಂದರೆ ಇಷ್ಟು ವರ್ಷ ಆದರೂ ಅದು ನಡೆಯುತ್ತಲೇ ಇರುವ ಕೆಲಸ. ಹುಳ ಬಿಟ್ಟು ಮುಂದಿನ ಕೊಯ್ಲಿಗೆ ಮರ ಹಸಿರಾಗುತ್ತದೆ ಅಂತ ಅಲ್ಲಿಯವರೂ ಹೇಳುವುದಿಲ್ಲ.

ಬೇಗ ಗೆದ್ದ ಕಥೆಯೂ ಇದೆ. ಅದು ನಮಗೆ ಹೆಮ್ಲಾಕ್‌ಗಿಂತ ಹತ್ತಿರದ್ದು ಅಂತ ನನಗೆ ಅನಿಸುತ್ತದೆ, ಯಾಕೆಂದರೆ ನಮ್ಮಲ್ಲೂ ಎಲ್ಲೆಂದರಲ್ಲಿ ಹಬ್ಬಿರುವ ಲಂಟಾನ ಪೊದೆ ಅದರಲ್ಲಿ ಇದೆ. ದಕ್ಷಿಣ ಅಟ್ಲಾಂಟಿಕ್ ಸಾಗರದಲ್ಲಿ ಸೇಂಟ್ ಹೆಲೆನಾ ಅನ್ನುವ ದ್ವೀಪ. ಅಲ್ಲಿ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಗಮ್‌ವುಡ್ ಮರ, ಕಾಡಲ್ಲಿ ಉಳಿದಿದ್ದೇ ಸುಮಾರು 2000. ದಕ್ಷಿಣ ಅಮೆರಿಕ ಕಡೆಯಿಂದ ಆರ್ಥೀಜಿಯಾ ಅನ್ನುವ ರಸ ಹೀರುವ ಕೀಟ ಆ ದ್ವೀಪಕ್ಕೆ ಬಂತು. ಲಂಟಾನ ಪೊದೆಗಳಲ್ಲಿ ಸಂಖ್ಯೆ ಬೆಳೆಸಿಕೊಂಡು ಪಕ್ಕದ ಗಮ್‌ವುಡ್‌ಗೆ ಹತ್ತಿತು. ಗಮ್‌ವುಡ್ ಮೇಲೆ ಅದನ್ನು ನೋಡಿದ್ದು 1991ರಲ್ಲಿ, 1993ರ ಹೊತ್ತಿಗೆ ನೂರಕ್ಕೂ ಹೆಚ್ಚು ಮರ ಸತ್ತಿದ್ದವು. ಆ ವರ್ಷವೇ ಕೀನ್ಯಾದಿಂದ ಹೈಪರಾಸ್ಪಿಸ್ ಅನ್ನುವ ಗುಲಗಂಜಿ ಹುಳವನ್ನು ತಂದು ಬಿಟ್ಟರು. 1995ರ ಹೊತ್ತಿಗೆ ಆರ್ಥೀಜಿಯಾ ಎಷ್ಟು ಕಡಿಮೆಯಾಯಿತು ಅಂದರೆ ಮರಗಳು ಸಾಯುವುದು ನಿಂತಿತು. ಇನ್ನೆರಡು ಮೂರು ವರ್ಷ ತಡವಾಗಿದ್ದರೆ ಆ ಮರ ಕಾಡಲ್ಲಿ ಇರುತ್ತಿತ್ತೋ ಇಲ್ಲವೋ.

ಆ ಹುಳ ಗೆದ್ದದ್ದು ಯಾಕೆ? ಅದಕ್ಕೆ ಬೇರೆ ಊಟ ಬೇಡ. ಆರ್ಥೀಜಿಯಾ ಇದ್ದರೆ ಮಾತ್ರ ಸಂಸಾರ, ಇಲ್ಲದಿದ್ದರೆ ಇಲ್ಲ. ದ್ವೀಪಕ್ಕೆ ಒಯ್ಯುವ ಮೊದಲು ಅದನ್ನು ಪ್ರತ್ಯೇಕ ಲ್ಯಾಬಿನಲ್ಲಿ ಇಟ್ಟು ಬೇರೆ ಕೀಟಗಳನ್ನು ತಿನ್ನುತ್ತದಾ ಅಂತ ನೋಡಿದ್ದರು. ಹುಳ ತರಿಸುವವರಿಗೆ ನಾನು ಯಾವಾಗಲೂ ಹೇಳುವುದು ಇದನ್ನೇ: ಹೊಟ್ಟೆಬಾಕ ಹುಳ ಬೇಡ, ಒಂದನ್ನೇ ತಿನ್ನುವ ಹಟಮಾರಿ ಹುಳ ಬೇಕು. ಸಿಕ್ಕಿದ್ದೆಲ್ಲ ತಿನ್ನುವುದನ್ನು ತಂದರೆ ಏನಾಗುತ್ತದೆ ಅನ್ನುವುದಕ್ಕೆ ಹಾರ್ಮೋನಿಯಾ ಆಕ್ಸಿರಿಡಿಸ್ ಅನ್ನುವ ಏಷ್ಯಾದ ಗುಲಗಂಜಿ ಹುಳವೇ ಸಾಕ್ಷಿ. ಗಿಡದ ರಸ ಹೀರುವ ಸಸ್ಯಹೇನು ತಿನ್ನಲಿ ಅಂತ ಅಮೆರಿಕ, ಯುರೋಪಿನಲ್ಲಿ ಬಿಟ್ಟರು. ಅದು ತಾನೇ ಹರಡಿಕೊಂಡು 2004ರಲ್ಲಿ ಬ್ರಿಟನ್ನಿಗೂ ಬಂತು. ಹೇನು ಮುಗಿದರೆ ಬೇರೆ ಗುಲಗಂಜಿ ಹುಳಗಳ ಮೊಟ್ಟೆ, ಮರಿಗಳನ್ನೂ ತಿನ್ನುತ್ತದೆ. ಅಲ್ಲಿನ ಎರಡು ಚುಕ್ಕೆಯ ಗುಲಗಂಜಿ ಹುಳ ಅದರಿಂದ ತುಂಬಾ ಕಡಿಮೆಯಾಗಿಹೋಯಿತು. ಆದ್ದರಿಂದ ಆನ್‌ಲೈನಿನಲ್ಲಿ ಯಾವುದೋ ದೇಶದ ಹುಳ ಡಬ್ಬಿಯಲ್ಲಿ ಸಿಗುತ್ತದೆ ಅಂತ ತರಿಸಲೇಬೇಡಿ. ಹೊರದೇಶದ ಹುಳ ತರುವುದಕ್ಕೆ ಕೇಂದ್ರ ಸರ್ಕಾರದ ಸಸ್ಯ ಸಂರಕ್ಷಣಾ ಸಲಹೆಗಾರರ ಅನುಮತಿ ಬೇಕು, ಬಂದ ಮೇಲೆ ಕ್ವಾರಂಟೈನ್ ಪರೀಕ್ಷೆ ಆಗಬೇಕು. ಈ ಕೆಲಸಕ್ಕೆ ಅಂತಲೇ ಬೆಂಗಳೂರಿನಲ್ಲಿ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆ ಇದೆ. ಪಪಾಯ ಹಿಟ್ಟು ತಿಗಣೆ ನೆನಪಿದೆಯಲ್ವಾ? 2008ರಲ್ಲಿ ಕೊಯಮತ್ತೂರಿನಲ್ಲಿ ಕಂಡು, ಪಪಾಯ, ಹಿಪ್ಪುನೇರಳೆ ಎಲ್ಲ ಹಾಳು ಮಾಡುತ್ತಾ ನಮ್ಮ ಕಡೆಗೂ ಬಂದಿತ್ತು. ಈ ಸಂಸ್ಥೆಯವರು 2010ರಲ್ಲಿ ಪೋರ್ಟೊರಿಕೊದಿಂದ ಅಸೆರೋಫೇಗಸ್ ಅನ್ನುವ ಕಣ್ಣಿಗೆ ಕಾಣದಷ್ಟು ಸಣ್ಣ ಕಣಜವನ್ನು ತರಿಸಿ ಬಿಟ್ಟ ಮೇಲೆ ಅದರ ಹಾವಳಿ ಇಳಿಯಿತು.

ಈಗ ನಿಮ್ಮ ಹಲಸಿಗೆ ಬರೋಣ. ಬಿಳಿಯಾಗಿ ಕಂಡಿದ್ದೆಲ್ಲ ಹಿಟ್ಟು ತಿಗಣೆ ಅಲ್ಲ. ಒಂದು ಲೆನ್ಸ್ ತೆಗೆದುಕೊಂಡು, ಕೈಗೆಟಕುವ ಒಂದು ಕೊಂಬೆ ಬಗ್ಗಿಸಿ ನೋಡಿ. ಕಾಯಿಯ ತೊಟ್ಟಿನಲ್ಲಿ, ಎಲೆಯ ಕಂಕುಳಲ್ಲಿ ಗುಂಪಾಗಿ ಕೂತಿದ್ದು, ಕಡ್ಡಿಯಲ್ಲಿ ಒತ್ತಿದರೆ ಹಿಟ್ಟಿನ ಕೆಳಗೆ ಮೆತ್ತನೆಯ ಮೈ ಸಿಕ್ಕರೆ ಅದು ಹಿಟ್ಟು ತಿಗಣೆ. ಎಲೆಯ ಅಡಿಯಲ್ಲಿ ಸುತ್ತು ಸುತ್ತಾಗಿ ಮೇಣದ ಗೆರೆ ಇದ್ದು, ಕೊಂಬೆ ಅಲುಗಿಸಿದ ಕೂಡಲೇ ಬಿಳಿ ಪುಡಿಯ ಹಾಗೆ ಹಾರಿದರೆ ಅದು ಸುರುಳಿ ಬಿಳಿ ನೊಣ. ಇದರಲ್ಲಿ ಒಂದು ಜಾತಿ 1993ರಲ್ಲಿ ಕೇರಳಕ್ಕೆ ಬಂದದ್ದು, ಇನ್ನೊಂದು 2016ರಲ್ಲಿ ಪೊಳ್ಳಾಚಿಯ ತೆಂಗಿನಲ್ಲಿ ಕಂಡದ್ದು. ಎರಡೂ ಹೊರಗಿನವೇ. ಬಿಳಿ ನೊಣ ಆಗಿದ್ದರೆ ನೀವು ಏನನ್ನೂ ಕೊಂಡು ತರುವ ಅಗತ್ಯ ಇಲ್ಲ. ಎನ್ಕಾರ್ಸಿಯಾ ಅನ್ನುವ ಕಣಜ ಅದರ ಬೆನ್ನಿಗೇ ನಮ್ಮ ದೇಶಕ್ಕೆ ಬಂದುಬಿಟ್ಟಿದೆ. ಬಿಳಿ ನೊಣದ ಮರಿಗಳ ನಡುವೆ ಅಲ್ಲೊಂದು ಇಲ್ಲೊಂದು ಕಪ್ಪಗಾಗಿದ್ದು, ಬೆನ್ನ ಮೇಲೆ ದುಂಡಗೆ ತೂತು ಇದ್ದರೆ ಆ ಕಣಜ ಕೆಲಸ ಶುರು ಮಾಡಿದೆ ಅಂತ ಅರ್ಥ. ಅಂಥ ಎಲೆ ಇರುವ ಕೊಂಬೆ ಕಡಿದು ಬಿಳಿ ನೊಣ ಜಾಸ್ತಿ ಇರುವ ಮರಕ್ಕೆ ಕಟ್ಟಿ, ಅಷ್ಟೇ.

ಕಾಫಿ ಎಲೆ ಕಪ್ಪಾಗಿದ್ದು ರೋಗ ಅಂತ ಗಾಬರಿ ಆಗಬೇಡಿ. ಮೇಲಿನ ಕೀಟಗಳು ರಸ ಕುಡಿದು ಜಾಸ್ತಿಯಾದ ಸಿಹಿ ಅಂಟನ್ನು ಕೆಳಗೆ ಸುರಿಸುತ್ತವೆ, ಅದರ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಅಂಟು ಬೀಳುವುದು ನಿಂತರೆ ಮಳೆಗೆ ಅದೂ ಹೋಗುತ್ತದೆ.

ಹಿಟ್ಟು ತಿಗಣೆಯೇ ಅಂತ ಖಾತ್ರಿಯಾದರೆ ಬೇಕಾದ ಹುಳದ ಹೆಸರು ಕ್ರಿಪ್ಟೋಲೀಮಸ್. ಕೊಡಗಿಗೆ ಇದು ಹೊಸದಲ್ಲ. ಆಸ್ಟ್ರೇಲಿಯಾದಿಂದ 1898ರಲ್ಲಿ ಕಾಫಿಯ ಹಸಿರು ತಿಗಣೆಗೆ ಅಂತ ಭಾರತಕ್ಕೆ ತಂದರು. ಹಸಿರು ತಿಗಣೆಯನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ, ಹಿಟ್ಟು ತಿಗಣೆಗೆ ಮಾತ್ರ ಬಿಡದೆ ಬಿತ್ತು. ಆಗ ಇಷ್ಟೆಲ್ಲ ಪರೀಕ್ಷೆ ಇರಲಿಲ್ಲ, ನಮ್ಮ ಅದೃಷ್ಟಕ್ಕೆ ಒಳ್ಳೆಯದೇ ಆಯಿತು. ಜೊತೆಗೆ ಲೆಪ್ಟೋಮ್ಯಾಸ್ಟಿಕ್ಸ್ ಅನ್ನುವ ಹಳದಿ ಕಣಜವನ್ನು 1983ರಲ್ಲಿ ಟ್ರಿನಿಡಾಡ್‌ನಿಂದ ತರಿಸಿದ್ದಾರೆ. ಅದು ಕಿತ್ತಳೆ, ಕಾಫಿ ಎರಡಕ್ಕೂ ಬರುವ ಹಿಟ್ಟು ತಿಗಣೆಯ ಒಂದು ಜಾತಿಯೊಳಗೆ ಮಾತ್ರ ಮೊಟ್ಟೆ ಇಡುತ್ತದೆ. ಚೆಟ್ಟಳ್ಳಿಯ ತೋಟಗಾರಿಕಾ ಸಂಶೋಧನಾ ಕೇಂದ್ರದವರು ಈ ಎರಡರ ಮೇಲೂ ಕೆಲಸ ಮಾಡಿದವರು. ಕ್ರಿಪ್ಟೋಲೀಮಸ್ ಸಾಕುವುದು ಸಿಹಿಕುಂಬಳಕಾಯಿ ಮೇಲೆ. ಕಾಯಿಗೆ ಹಿಟ್ಟು ತಿಗಣೆ ಹತ್ತಿಸಿ, ಅದು ಮೈತುಂಬ ಹಬ್ಬಿದ ಮೇಲೆ ಹುಳ ಬಿಟ್ಟು ಮರಿ ಮಾಡಿಸುತ್ತಾರೆ.

ಈ ಹುಳವನ್ನು ಗುರುತು ಹಿಡಿಯುವುದು ಮಾತ್ರ ಕಲಿಯಲೇಬೇಕು. ದೊಡ್ಡ ಹುಳ ಸುಮಾರು 4 ಮಿಲಿಮೀಟರ್, ರೆಕ್ಕೆ ಕಪ್ಪು, ತಲೆಯ ಕಡೆ ಮತ್ತು ರೆಕ್ಕೆಯ ತುದಿ ಕಿತ್ತಳೆ ಬಣ್ಣ. ಅದನ್ನು ನೋಡಿದರೆ ಯಾರಿಗೂ ಅನುಮಾನ ಬರಲ್ಲ. ತೊಂದರೆ ಇರುವುದು ಮರಿಯಲ್ಲಿ. ಮರಿಯ ಮೈಮೇಲೂ ಬಿಳಿ ಮೇಣದ ಎಳೆಗಳು ಜೋತಾಡುತ್ತಿರುತ್ತವೆ, ಥೇಟ್ ಹಿಟ್ಟು ತಿಗಣೆಯ ಹಾಗೇ ಕಾಣುತ್ತದೆ. ಆದರೆ ತಿಗಣೆಗಿಂತ ಎಷ್ಟೋ ದೊಡ್ಡದು, ಎಳೆಗಳು ಉದ್ದ, ಅಂಕುಡೊಂಕು. ಒಂದು ಕಡ್ಡಿಯಿಂದ ಮುಟ್ಟಿ ನೋಡಿ. ತಿಗಣೆ ಅಲ್ಲೇ ಕೂತಿರುತ್ತದೆ ಅಥವಾ ಮೆಲ್ಲಗೆ ತೆವಳುತ್ತದೆ. ಕ್ರಿಪ್ಟೋಲೀಮಸ್ ಮರಿ ಸರಸರ ನಡೆದುಬಿಡುತ್ತದೆ. ಲೆನ್ಸಿನಲ್ಲಿ ನೋಡಿದರೆ ತಿಗಣೆಯ ಮೊಟ್ಟೆಚೀಲಕ್ಕೆ ತಲೆ ಹಾಕಿ ತಿನ್ನುತ್ತಿರುವುದು ಕಾಣುತ್ತದೆ. ಇದನ್ನೇ ‘ದೊಡ್ಡ ಜಾತಿಯ ತಿಗಣೆ’ ಅಂದುಕೊಂಡು ಔಷಧಿ ಹೊಡೆಸಿದ ತೋಟಗಳನ್ನು ನೋಡಿದ್ದೇನೆ, ತುಂಬಾ ಸಂಕಟ ಆಗುತ್ತದೆ. ತೋಟದ ಕೆಲಸ, ಲೆಕ್ಕ ನೋಡುವ ನಿಮ್ಮ ರೈಟರಿಗೆ, ಕೆಲಸದವರಿಗೆ ಒಂದು ಸಲ ಕೈಯಲ್ಲಿ ಹಿಡಿದು ತೋರಿಸಿ.

ಬಿಡುವ ಕ್ರಮ ಸುಲಭ. ಸಂಜೆ ಹೊತ್ತು, ತಿಗಣೆ ಇರುವ ಕೊಂಬೆಯ ಮೇಲೇ ಬಿಡಿ. ತಿಗಣೆ ಇಲ್ಲದ ಮರಕ್ಕೆ ‘ಮುಂಜಾಗ್ರತೆಗೆ ಇರಲಿ’ ಅಂತ ಬಿಟ್ಟರೆ ಊಟ ಸಿಗದೆ ಹಾರಿಹೋಗುತ್ತದೆ. ತಿಗಣೆ ಏರುವುದು ಬೇಸಿಗೆಯಲ್ಲಿ, ಕಾಫಿ ಹೂ ಅರಳಿಸುವ ಹೂಮಳೆಯ ಆಸುಪಾಸಿನಿಂದ ಮುಂಗಾರಿನವರೆಗೆ. ಹುಳವನ್ನೂ ಆಗಲೇ ಬಿಡಬೇಕು, ಜೂನ್ ಮಳೆ ಹಿಡಿದ ಮೇಲೆ ಬಿಟ್ಟರೆ ದಂಡ. ಮೊಟ್ಟೆಯಿಂದ ಹುಳ ಆಗುವುದಕ್ಕೆ ಹತ್ತಿರ ಹತ್ತಿರ ಒಂದು ತಿಂಗಳು ಬೇಕು, ಅಲ್ಲಿಯವರೆಗೆ ತಾಳ್ಮೆ ಇರಲಿ.

ಆದರೆ ಹುಳ ತರುವುದಕ್ಕೂ ಮೊದಲು ಇರುವೆ ನೋಡಿ. ಇದನ್ನು ನಾನು ದೊಡ್ಡ ದನಿಯಲ್ಲಿ ಹೇಳಬೇಕು, ಯಾಕೆಂದರೆ ಹುಳ ಬಿಟ್ಟರೂ ಉಪಯೋಗ ಆಗಲಿಲ್ಲ ಅನ್ನುವ ಕಡೆಗಳಲ್ಲಿ ಬಹಳ ಸಲ ಕಾರಣ ಇರುವೆಯೇ. ನಾವು ಹಸು ಸಾಕಿದ ಹಾಗೆ ಇರುವೆ ತಿಗಣೆಯನ್ನು ಸಾಕುತ್ತದೆ. ಸಿಹಿ ಅಂಟು ಕುಡಿಯುತ್ತದೆ, ಅದಕ್ಕೆ ಬದಲಾಗಿ ತಿಗಣೆಯ ಹತ್ತಿರ ಬಂದ ಗುಲಗಂಜಿ ಹುಳ, ಕಣಜ ಎಲ್ಲವನ್ನೂ ಓಡಿಸುತ್ತದೆ. ಕೀಟ ತಿನ್ನುವ ಹುಳ ತೋಟದಲ್ಲಿ ಇದ್ದರೂ ಊಟಕ್ಕೆ ಕೂರಲು ಬಿಡುವುದಿಲ್ಲ. ಹಿಂದೂ ಮಹಾಸಾಗರದ ಕ್ರಿಸ್‌ಮಸ್ ದ್ವೀಪದಲ್ಲಿ ಈ ಜೋಡಿ ಕಾಡನ್ನೇ ಕೆಡಿಸಿತ್ತು. ಹೊರಗಿನಿಂದ ಬಂದ ಹಳದಿ ಹುಚ್ಚಿರುವೆ, ಅದಕ್ಕೆ ಸಿಹಿ ಕೊಡುವ ಅರಗು ತಿಗಣೆ. ಅಲ್ಲಿಯವರು ಇರುವೆಯ ಹಿಂದೆ ಓಡುವುದರ ಬದಲು ತಿಗಣೆಯನ್ನು ಮುಗಿಸುವ ಒಂದು ಪುಟ್ಟ ಕಣಜವನ್ನು ಮಲೇಷ್ಯಾದಿಂದ ತಂದು 2016ರಲ್ಲಿ ಬಿಟ್ಟರು. ಸಿಹಿ ನಿಂತರೆ ಇರುವೆ ತಾನೇ ಸೊರಗುತ್ತದೆ ಅನ್ನುವ ಲೆಕ್ಕ.

ನಿಮ್ಮಲ್ಲಿ ಮಾಡಬೇಕಾದ್ದು: ತಿಗಣೆ ಇರುವ ಮರದ ಕಾಂಡಕ್ಕೆ ಎದೆಮಟ್ಟದಲ್ಲಿ ಒಂದು ಪಟ್ಟಿ ಸುತ್ತಿ ಅದರ ಮೇಲೆ ಅಂಟು ಬಳಿಯಿರಿ. ಅಂಟನ್ನು ನೇರ ತೊಗಟೆಗೆ ಬಳಿಯಬೇಡಿ. ಪಕ್ಕದ ಕಾಫಿ ರೆಂಬೆ, ಮೆಣಸಿನ ಬಳ್ಳಿ, ಕಾಡುಬಳ್ಳಿ ಯಾವುದಾದರೂ ಮರಕ್ಕೆ ತಾಗಿದ್ದರೆ ಇರುವೆ ಆ ದಾರಿಯಲ್ಲಿ ಹತ್ತುತ್ತದೆ, ಅದನ್ನು ಬಿಡಿಸಿ. ಮೆಣಸು ಹಬ್ಬಿಸಿದ ಮರದಲ್ಲಿ ಈ ಪಟ್ಟಿ ನಡೆಯುವುದಿಲ್ಲ, ಅಲ್ಲಿ ಬುಡದ ಗೂಡನ್ನೇ ಹುಡುಕಬೇಕು. ಹಾಗಂತ ಎಲೆ ಹೆಣೆದು ಗೂಡು ಕಟ್ಟುವ ಕೆಂಪಿರುವೆ ಚಿಗಳಿಯ ಗೂಡನ್ನೆಲ್ಲ ತೋಟದಿಂದ ಕಿತ್ತು ಸುಡಿಸಬೇಡಿ. ಚಿಗಳಿಯೂ ತಿಗಣೆ ಸಾಕುತ್ತದೆ ನಿಜ, ಆದರೆ ಎಲೆ ತಿನ್ನುವ ಹುಳುಗಳನ್ನು ಅದರಷ್ಟು ಚೆನ್ನಾಗಿ ಹಿಡಿಯುವವರು ಇಲ್ಲ. ಚೀನಾದ ಕಿತ್ತಳೆ ಬೆಳೆಗಾರರು ಸಾವಿರ ವರ್ಷಕ್ಕೂ ಹಿಂದಿನಿಂದ ಚಿಗಳಿ ಗೂಡುಗಳನ್ನು ದುಡ್ಡು ಕೊಟ್ಟು ಕೊಂಡು ಮರಕ್ಕೆ ಕಟ್ಟುತ್ತಿದ್ದರು. ತಿಗಣೆ ಹತ್ತಿದ ಮರದಿಂದ ಅವನ್ನು ದೂರ ಇಟ್ಟರೆ ಸಾಕು.

ಔಷಧಿ ಹೊಡೆಯುವ ಮನಸ್ಸಿಲ್ಲ ಅಂದಿರಿ, ಒಳ್ಳೆಯದಾಯಿತು. ದೊಡ್ಡ ಹಲಸಿನ ನೆತ್ತಿಗೆ ಸ್ಪ್ರೇ ಮುಟ್ಟುವುದೂ ಇಲ್ಲ, ಅರ್ಧಂಬರ್ಧ ಬಿದ್ದರೆ ಮೊದಲು ಸಾಯುವುದು ಮೇಣದ ಹೊದಿಕೆ ಇಲ್ಲದ ಕಣಜ, ಗುಲಗಂಜಿ ಹುಳ, ಜೇನು. ತಿಗಣೆ ಹಿಟ್ಟಿನ ಕೆಳಗೆ ಉಳಿದು ಮತ್ತೆ ಏಳುತ್ತದೆ, ಈ ಸಲ ತಿನ್ನುವವರೇ ಇರುವುದಿಲ್ಲ. ಕಾಫಿಗೆ ಬೇರೆ ಕಾರಣಕ್ಕೆ ಕೀಟನಾಶಕ ಕೊಡಲೇಬೇಕಾದರೆ ಹುಳ ಬಿಟ್ಟ ಬ್ಲಾಕ್ ಹೊರಗಿಟ್ಟು ಮಾಡಿ.

ಇನ್ನು ಹಾಲುವಾಣ. ಚಿಗುರು, ಎಲೆತೊಟ್ಟು ಎಲ್ಲ ಊದಿ ಗಂಟಾಗುವುದು ಕ್ವಾಡ್ರಾಸ್ಟಿಕಸ್ ಎರಿತ್ರಿನೇ ಅನ್ನುವ ಕಣಜದಿಂದ. ಮೂಲ ಆಫ್ರಿಕಾದ ಪೂರ್ವ ಭಾಗ. 2004ರಲ್ಲಿ ವಿಜ್ಞಾನಿಗಳು ಇದಕ್ಕೆ ಹೆಸರಿಟ್ಟರು, ಎರಡು ವರ್ಷದೊಳಗೆ ಕೇರಳದಿಂದ ವರದಿ ಬಂತು. ಅಷ್ಟು ಬೇಗ ಪ್ರಪಂಚ ಸುತ್ತಿದ ಕೀಟ ಇದು. ಹೆಣ್ಣು ಒಂದೂವರೆ ಮಿಲಿಮೀಟರ್ ಇರಬಹುದು, ಎಳೆ ಚಿಗುರಿನೊಳಗೆ ಮೊಟ್ಟೆ ಚುಚ್ಚುತ್ತದೆ. ಮರಿ ಒಳಗೆ ಬೆಳೆದ ಹಾಗೆ ಮರ ಅದರ ಸುತ್ತ ಗಂಟು ಕಟ್ಟುತ್ತದೆ. ಸುಮಾರು ಮೂರು ವಾರದಲ್ಲಿ ಹೊಸ ಕಣಜ ತೂತು ಕೊರೆದು ಹೊರಗೆ. ಗುಲಗಂಜಿ ಹುಳದ ಬಾಯಿ ಆ ಗಂಟಿನೊಳಗೆ ಹೋಗಲ್ಲ, ಔಷಧಿಯೂ ಸರಿಯಾಗಿ ಹೋಗಲ್ಲ.

ಹವಾಯಿಯಲ್ಲಿ ವಿಲಿವಿಲಿ ಅಂತ ನಮ್ಮ ಹಾಲುವಾಣದ ಕುಲದ್ದೇ ಒಂದು ಮರ ಇದೆ, ಅಲ್ಲಿನ ಒಣಕಾಡಿನ ಸ್ವಂತ ಮರ. 2005ರಲ್ಲಿ ಈ ಕಣಜ ಅಲ್ಲಿಗೆ ಹೋಗಿ ಸಾವಿರಗಟ್ಟಲೆ ಮರ ಬೋಳಿಸಿತು. ಟಾಂಜಾನಿಯಾದಲ್ಲಿ ಹುಡುಕಿದಾಗ ಯೂರಿಟೋಮಾ ಅನ್ನುವ ಇನ್ನೊಂದು ಕಣಜ ಸಿಕ್ಕಿತು. ಅದರ ಮರಿ ಗಂಟಿನೊಳಗೆ ಒಂದು ಕೋಣೆಯ ಮರಿಯನ್ನು ತಿಂದು ಮುಗಿಸಿ, ಗೋಡೆ ಕೊರೆದು ಪಕ್ಕದ ಕೋಣೆಗೆ ನುಗ್ಗುತ್ತದೆ. ಪರೀಕ್ಷೆ ಎಲ್ಲ ಮುಗಿಸಿ 2008ರ ಕೊನೆಯಲ್ಲಿ ಬಿಟ್ಟರು. ವಿಲಿವಿಲಿ ಮತ್ತೆ ಎಲೆ ತುಂಬಿಕೊಂಡಿತು. ಹೂವು, ಕಾಯಿಗೆ ಬರುವ ಗಂಟು ಮಾತ್ರ ಪೂರ್ತಿ ನಿಲ್ಲಲಿಲ್ಲ, ಅದಕ್ಕೆ ಎರಡನೇ ಕಣಜದ ಕೆಲಸ ನಡೆಯಿತು. ಇಂಥದ್ದು ಒಬ್ಬ ಬೆಳೆಗಾರ ಮಾಡುವ ಕೆಲಸ ಅಲ್ಲ, ಸಂಸ್ಥೆಗಳೇ ಮಾಡಬೇಕು.

ನೀವು ಮಾಡಬಹುದಾದ್ದು ಒಂದಿದೆ, ಅದು ಸಣ್ಣದಲ್ಲ. ಹಸಿ ಗಂಟುಗಳಿರುವ, ಇನ್ನೂ ತೂತು ಬೀಳದ ಒಂದಷ್ಟು ಚಿಗುರು ಕಿತ್ತು ಅಗಲ ಬಾಯಿಯ ಬಾಟಲಿಗೆ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿ ನೆರಳಲ್ಲಿ ಇಡಿ. ಕೆಲವು ದಿನದಲ್ಲಿ ಕಣಜಗಳು ಹೊರಬರುತ್ತವೆ. ಎಲ್ಲ ಒಂದೇ ಥರ ಇವೆಯಾ, ಬೇರೆ ಬಣ್ಣದ, ಬೇರೆ ಅಳತೆಯವೂ ಇವೆಯಾ ನೋಡಿ. ಗಂಟು ಮಾಡುವ ಕಣಜವನ್ನು ತಿನ್ನುವ ಸ್ಥಳೀಯ ಕಣಜಗಳು ನಮ್ಮ ರಾಜ್ಯದಲ್ಲೂ ದಾಖಲಾಗಿವೆ. ಬಂದದ್ದನ್ನು ಸ್ಪಿರಿಟ್‌ನಲ್ಲಿ ಹಾಕಿ, ಎಲ್ಲಿಂದ ಯಾವತ್ತು ಕಿತ್ತಿದ್ದು ಅಂತ ಚೀಟಿ ಬರೆದು, ಪೊನ್ನಂಪೇಟೆಯ ಅರಣ್ಯ ಕಾಲೇಜಿಗೋ ಚೆಟ್ಟಳ್ಳಿಗೋ ಕೊಡಿ. ಹಲಸಿನ ಬಿಳಿ ಹಿಟ್ಟಿನ ಎಲೆಯನ್ನೂ ಬೇರೆ ಕವರಿನಲ್ಲಿ ಜೊತೆಗೇ ಒಯ್ಯಿರಿ. ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರ ಹತ್ತಿರ ಆಗುವುದಾದರೆ ಅಲ್ಲಿಯೂ ಕೇಳಬಹುದು. ಬಾಟಲಿಯಲ್ಲಿ ಬರೀ ಗಂಟು ಕಣಜವೇ ಬಂದರೆ ತೂತು ಬೀಳದ ಗಂಟುಗಳನ್ನು ಕಡಿದು ಸುಟ್ಟುಬಿಡಿ. ಬೇರೆ ಕಣಜವೂ ಬಂತು ಅಂದರೆ ಸುಡಬೇಡಿ, ನಿಮ್ಮ ಕಡೆಯವರೂ ಜೊತೆಗೇ ಸುಟ್ಟುಹೋಗುತ್ತಾರೆ.

ನೆರಳು ತೆಳುವಾಗಲಿ ಅಂತ ಕೊಂಬೆ ಕಡಿಯುವಾಗ, ಅಂದರೆ ಮರಗಸಿ ಮಾಡುವಾಗ, ಹಾಲುವಾಣವನ್ನು ಪೂರ್ತಿ ಬೋಳಿಸಬೇಡಿ. ಬೋಳಿಸಿದರೆ ಒಮ್ಮೆಲೇ ಎಳೆ ಚಿಗುರು ಒಡೆಯುತ್ತದೆ, ಆ ಕಣಜಕ್ಕೆ ಬೇಕಾದ್ದು ಅದೇ. ‘ಇದರ ಸಹವಾಸವೇ ಬೇಡ, ಕಡಿದು ಸಿಲ್ವರ್ ಓಕ್ ಹಾಕಿಬಿಡಿ’ ಅನ್ನುವವರು ಸಿಗುತ್ತಾರೆ. ದಯವಿಟ್ಟು ಕೇಳಬೇಡಿ. ಹಾಲುವಾಣ ಮಣ್ಣಿಗೆ ಸಾರಜನಕ ಕೊಡುವ ಮರ, ಎಲೆ ಬೇಗ ಕೊಳೆತು ಗೊಬ್ಬರ ಆಗುತ್ತದೆ. ತೋಟದಲ್ಲಿ ಹಲಸು, ಅತ್ತಿ, ನಂದಿ, ಬೀಟೆ, ಹಾಲುವಾಣ ಎಲ್ಲ ಬೆರೆತಿದ್ದರೆ ಕೀಟ ತಿನ್ನುವ ಹುಳಗಳಿಗೂ ವರ್ಷವಿಡೀ ಒಂದಲ್ಲ ಒಂದು ಕಡೆ ಊಟ ಸಿಗುತ್ತದೆ. ಸಾಲಾಗಿ ಸಿಲ್ವರ್ ಓಕ್ ನಿಂತ ತೋಟದಲ್ಲಿ ಅದು ಸಿಗಲ್ಲ. ಸತ್ತ ಮರದ ಜಾಗಕ್ಕೆ ಹೊಸ ಹಾಲುವಾಣದ ಗೂಟ ನೆಡುವುದಾದರೆ ಗಂಟು ಇಲ್ಲದ ತೋಟದಿಂದಲೇ ತನ್ನಿ, ತರುವ ಮೊದಲು ಅದರ ಎಲೆ, ಚಿಗುರು ಪೂರ್ತಿ ತೆಗೆಸಿ. ನಿಮ್ಮ ತೋಟದ ಗೂಟ ಕೇಳಿಕೊಂಡು ಯಾರಾದರೂ ಬಂದರೆ ಸದ್ಯಕ್ಕೆ ಕೊಡಬೇಡಿ.